‘ಗೊತ್ತಿಲ್ಲ’ ಅನ್ನದ ಟೂಲ್ ಕೊಳ್ಳಬೇಡಿ

ನೈರೋಬಿಯಲ್ಲಿ ಸಾಫ್ಟ್‌ವೇರ್ ಮಾರೋರ ಬಾಯಲ್ಲಿ ಈಚೆಗೆ ಒಂದು ಮಾತು ಜಾಸ್ತಿ ಕೇಳ್ತಿದ್ದೀನಿ: “ಕೋಡ್ ಬರೆಯೋದು ಎಐ, ಪರೀಕ್ಷೆ ಮಾಡೋದೂ ಎಐ. ಯಾವ ಪ್ರೋಗ್ರಾಂ ಕೊಟ್ಟರೂ ಅದು ಎಲ್ಲಾದರೂ ಸಿಕ್ಕಿಹಾಕಿಕೊಳ್ಳುತ್ತಾ ಅಂತ ನಮ್ಮ ಟೂಲ್ ಹೇಳಿಬಿಡುತ್ತೆ.” ‘ಯಾವ ಪ್ರೋಗ್ರಾಂ ಕೊಟ್ಟರೂ’ ಅನ್ನೋದು ಸುಳ್ಳು. ಇವತ್ತಿಗೆ ಮಾತ್ರ ಅಲ್ಲ, ಎಂದೆಂದಿಗೂ.

ಯಾಕೆ? ಎಲ್ಲ ಪ್ರೋಗ್ರಾಂಗಳ ಜಾತಕ ಹೇಳೋ ಒಂದು ಪ್ರೋಗ್ರಾಂ ಇದೆ ಅಂದುಕೊಳ್ಳಿ. ಅದಕ್ಕೆ ‘ಜೋಯಿಸ’ ಅಂತ ಹೆಸರಿಡೋಣ. ಯಾವ ಕೋಡ್ ಕೊಟ್ಟರೂ “ನಿಲ್ಲುತ್ತೆ” ಅಥವಾ “ನಿಲ್ಲಲ್ಲ” ಅಂತ ತಪ್ಪಿಲ್ಲದೆ ಹೇಳಬೇಕು. ಈಗ ನಾನು ‘ತರಲೆ’ ಅನ್ನೋ ಪ್ರೋಗ್ರಾಂ ಬರೀತೀನಿ. ಅದು ತನ್ನದೇ ಕೋಡನ್ನು ಜೋಯಿಸನ ಮುಂದಿಟ್ಟು ಕೇಳುತ್ತೆ. “ನಿಲ್ಲುತ್ತೆ” ಅಂದರೆ ಸುತ್ತುತ್ತಲೇ ಇರುತ್ತೆ; “ನಿಲ್ಲಲ್ಲ” ಅಂದರೆ ತಕ್ಷಣ ನಿಲ್ಲುತ್ತೆ. ಜೋಯಿಸ ಏನು ಹೇಳಿದರೂ ತಪ್ಪು. ಅಂದಮೇಲೆ ಅಂಥ ಜೋಯಿಸ ಇರೋಕೇ ಸಾಧ್ಯವಿಲ್ಲ. ಈ ತರ್ಕದ ಬೇರು ಅಲನ್ ಟ್ಯೂರಿಂಗ್ 1936ರಲ್ಲಿ ಮಂಡಿಸಿದ ಪ್ರಬಂಧದಲ್ಲಿದೆ. ‘ಹಾಲ್ಟಿಂಗ್ ಪ್ರಾಬ್ಲಂ’ ಅನ್ನೋ ಹೆಸರು ಆಮೇಲೆ ಬಂತು. ಎಷ್ಟು ಸರ್ವರ್ ಕೊಂಡರೂ ಈ ಗೋಡೆ ಒಡೆಯಲ್ಲ.

“ಓಡಿಸಿ ನೋಡಿದರಾಯ್ತಲ್ಲ?” ಅಂತೀರಾ? ಇಲ್ಲಿನ ಮಟಾಟು ವ್ಯಾನುಗಳನ್ನು ನೋಡಿ. ಎಷ್ಟೋ ಮಟಾಟು ಸೀಟು ತುಂಬಿದ ಮೇಲೇ ಹೊರಡೋದು. ಹೊರಟರೆ ಗೊತ್ತಾಗುತ್ತೆ. ಅರ್ಧ ಗಂಟೆ ಕಾದಿದ್ದಕ್ಕೆ “ಇದು ಹೊರಡೋದೇ ಇಲ್ಲ” ಅನ್ನೋಕಾಗುತ್ತಾ? ಮುಂದಿನ ನಿಮಿಷವೇ ಕೊನೆಯ ಪ್ರಯಾಣಿಕ ಹತ್ತಬಹುದು. ಪ್ರೋಗ್ರಾಂ ಕಥೆಯೂ ಹಾಗೇ: ನಿಂತರೆ ತಿಳಿಯುತ್ತೆ, ನಿಲ್ಲೋದೇ ಇಲ್ಲ ಅನ್ನೋದು ಬರೀ ಕಾಯೋದರಿಂದ ತಿಳಿಯಲ್ಲ.

ಇದು ಬರೀ ಗಣಿತದ ಆಟವಲ್ಲ. 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟಿನ 30 ಜಿಬಿ ಝೂನ್ ಪ್ಲೇಯರುಗಳು ಕೈಕೊಟ್ಟವು. ಅಧಿಕ ವರ್ಷದ 366ನೇ ದಿನಕ್ಕೆ ಸಿಕ್ಕಿದ ಲೂಪಿಗೆ ಹೊರಗೆ ಬರೋ ದಾರಿಯೇ ಇರಲಿಲ್ಲ. ಅವತ್ತು ಹಾಡು ನಿಂತಿತು, ಅಷ್ಟೆ. 2007ರಲ್ಲಿ ಎಂ-ಪೆಸಾ ಶುರುವಾದ ಕೀನ್ಯಾದಲ್ಲಿ ತರಕಾರಿ ದುಡ್ಡು, ಬಾಡಿಗೆ, ಸ್ಕೂಲ್ ಫೀಸು ಎಲ್ಲ ಫೋನಿನಲ್ಲೇ ಓಡಾಡುತ್ತೆ. ಇಂಥ ಕಡೆ ಲೂಪಿನಲ್ಲಿ ಸಿಕ್ಕಿಕೊಳ್ಳೋದು ಯಾರದೋ ದಿನದ ಸಂಪಾದನೆ.

“ಟ್ಯೂರಿಂಗೇ ಆಗಲ್ಲ ಅಂದಮೇಲೆ ಪರೀಕ್ಷೆ ಯಾಕೆ?” ಅನ್ನೋರೂ ಇದ್ದಾರೆ. ಅದು ಸೋಮಾರಿತನ. ಎಲ್ಲ ಪ್ರೋಗ್ರಾಂಗೂ ಆಗಲ್ಲ ಅಂದರೆ ಯಾವುದಕ್ಕೂ ಆಗಲ್ಲ ಅಂತಲ್ಲ. ಮೈಕ್ರೋಸಾಫ್ಟ್ ರಿಸರ್ಚಿನ ‘ಟರ್ಮಿನೇಟರ್’ ಟೂಲ್ ಎಷ್ಟೋ ಡಿವೈಸ್ ಡ್ರೈವರ್ ಕೋಡ್ ನಿಲ್ಲುತ್ತೆ ಅಂತ ಸಾಬೀತು ಮಾಡಿತು. ಇಥೀರಿಯಂ ಜೋಯಿಸನ ತಂಟೆಗೇ ಹೋಗಲಿಲ್ಲ: ಪ್ರತಿ ಹೆಜ್ಜೆಗೂ ‘ಗ್ಯಾಸ್’ ಶುಲ್ಕ ಕಟ್ಟಬೇಕು, ಅದು ಖಾಲಿಯಾದರೆ ಪ್ರೋಗ್ರಾಂ ಬಂದ್.

ನಾನೂ ಡೇಟಾ ಸೈನ್ಸಿನವನೇ. ಎಐ ಊಹೆ ಎಷ್ಟೋ ಸಲ ಸರಿ ಇರುತ್ತೆ ಅಂತ ಗೊತ್ತು. ಆದರೆ ಊಹೆಗೆ ಗ್ಯಾರಂಟಿ ಕಾರ್ಡ್ ಅಂಟಿಸಿ ಮಾರಬಾರದು. ಕೊಳ್ಳೋ ಮೊದಲು ಕೇಳಿ: ನಿಮ್ಮ ಟೂಲ್ ಯಾವಾಗ ‘ಗೊತ್ತಿಲ್ಲ’ ಅನ್ನುತ್ತೆ? ಆಗ ಕೋಡ್ ನೋಡೋ ಮನುಷ್ಯ ಯಾರು? ಟೈಮ್ ಮೀರಿದರೆ ಗ್ರಾಹಕರ ದುಡ್ಡು ಹೇಗೆ ವಾಪಸ್ ಬರುತ್ತೆ?

“ನಮ್ಮದು ಯಾವತ್ತೂ ‘ಗೊತ್ತಿಲ್ಲ’ ಅನ್ನಲ್ಲ” ಅಂದರೆ ಎದ್ದು ಬನ್ನಿ. ಅಂಥ ಟೂಲ್ ಒಂದೋ ಕೆಲವು ಸಲ ಸುಳ್ಳು ಹೇಳುತ್ತೆ, ಇಲ್ಲಾ ತಾನೇ ನಿಲ್ಲದೆ ಸುತ್ತುತ್ತೆ.