ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ನುಡಿಸಲಿ

ಜಾಝ್ ರೆಕಾರ್ಡಿಸ್ಟ್ ರೂಡಿ ವ್ಯಾನ್ ಗೆಲ್ಡರ್ ಮೊದಲು ಹೊಟ್ಟೆಪಾಡಿಗೆ ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುತ್ತಿದ್ದವರು. ಅದರಲ್ಲಿ ಬಂದ ದುಡ್ಡೆಲ್ಲ ಮೈಕು, ಟೇಪ್ ಯಂತ್ರಗಳಿಗೆ ಹೋಗುತ್ತಿತ್ತು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಹ್ಯಾಕೆನ್ಸ್ಯಾಕ್‌ನಲ್ಲಿ ಅಪ್ಪ-ಅಮ್ಮನ ಮನೆಯ ಹಜಾರವೇ ಅವರ ಸ್ಟುಡಿಯೊ. 1956ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡ ಆ ಹಜಾರದಲ್ಲಿ ಎರಡು ದಿನ ನುಡಿಸಿದ್ದೇ ನಾಲ್ಕು ಎಲ್‌ಪಿಗಳಿಗೆ ಸಾಕಾಯಿತು. ಸ್ಯಾಕ್ಸೊಫೋನ್ ವಾದಕ ಸನ್ನಿ ರಾಲಿನ್ಸ್ ಅವರ ‘ಸ್ಯಾಕ್ಸೊಫೋನ್ ಕೊಲೊಸಸ್’ ಆಲ್ಬಂ ಅದೇ ವರ್ಷ, ಅದೇ ಮನೆಯಲ್ಲಿ ಆದದ್ದು. 1959ರಲ್ಲಿ ವ್ಯಾನ್ ಗೆಲ್ಡರ್ ಅದೇ ರಾಜ್ಯದ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ 39 ಅಡಿ ಎತ್ತರದ ಮರದ ಚಾವಣಿಯ ಸ್ವಂತ ಸ್ಟುಡಿಯೊ ಕಟ್ಟಿಸಿ, ಕನ್ನಡಕದ ಕೆಲಸ ಬಿಟ್ಟರು. ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಂ’ ಆಲ್ಬಂ 1964ರ ಡಿಸೆಂಬರ್ 9ರಂದು ಮುದ್ರಣವಾದದ್ದು ಅಲ್ಲಿಯೇ.

ನಾನು ಬೆಂಗಳೂರಿನಲ್ಲಿ ರೆಕಾರ್ಡಿಸ್ಟ್. ಭಾವಗೀತೆ, ದೇವರನಾಮ, ಶಾಸ್ತ್ರೀಯ ಸಂಗೀತದ ಆಲ್ಬಂಗಳೇ ನನ್ನ ಅನ್ನ. ಜಾಝ್ ನನಗೆ ಕೇಳಿ ಬೆಳೆಸಿಕೊಂಡ ಪ್ರೀತಿ. ಆದರೂ ಈ ಕಸುಬಿನ ಪಾಠ ಯಾರಿಂದ ಕಲಿತಿರಿ ಎಂದು ಯಾರಾದರೂ ಕೇಳಿದರೆ ವ್ಯಾನ್ ಗೆಲ್ಡರ್ ಹೆಸರನ್ನೇ ಹೇಳುತ್ತೇನೆ. ನಮ್ಮ ಸ್ಟುಡಿಯೊಗಳಲ್ಲಿ ದಿನಬೆಳಗಾದರೆ ಕೇಳುವ ಒಂದು ಮಾತಿದೆ: “ಬಿಡಿ ಸಾರ್, ಮಿಕ್ಸಿಂಗ್‌ನಲ್ಲಿ ಸರಿ ಮಾಡ್ಕೊಳೋಣ.” ಈ ಮಾತಿಗೆ ಅವರ ಬದುಕಿಗಿಂತ ದೊಡ್ಡ ಉತ್ತರ ನನಗೆ ಸಿಕ್ಕಿಲ್ಲ.

ಅವರ ಆ ಕಾಲದ ಕೆಲಸದಲ್ಲಿ ‘ಆಮೇಲೆ’ ಎಂಬುದು ಹೆಚ್ಚುಕಡಿಮೆ ಇರಲೇ ಇಲ್ಲ. ನಾಲ್ಕೈದು ಮಂದಿ ಒಟ್ಟಿಗೆ ನುಡಿಸುವಾಗ ಎಲ್ಲ ಮೈಕುಗಳೂ ನೇರವಾಗಿ ಒಂದೋ ಎರಡೋ ಟ್ರ್ಯಾಕಿಗೆ ಇಳಿಯುತ್ತಿದ್ದವು. ಸ್ಯಾಕ್ಸೊಫೋನ್ ಎಷ್ಟು ಮುಂದೆ ಬರಬೇಕು, ಡ್ರಮ್ಮಿನ ತಾಳದ ತಟ್ಟೆ ಎಷ್ಟು ಹಿಂದೆ ಸರಿಯಬೇಕು ಎಂಬುದು ನುಡಿಸುತ್ತಿರುವ ಆ ಕ್ಷಣದಲ್ಲೇ, ಅವರ ಬೆರಳಲ್ಲೇ ತೀರ್ಮಾನ. ಪಿಯಾನೊದವನು ಮುಗಿಸಿ ಬಾಸ್‌ನವನು ಶುರುಮಾಡುವ ಮೊದಲೇ ಕೈ ಆ ಗುಂಡಿಯ ಮೇಲಿರಬೇಕು. ಅಂದರೆ ರೆಕಾರ್ಡಿಸ್ಟಿಗೂ ಹಾಡು ಬಾಯಿಪಾಠ ಇರಬೇಕು. ವ್ಯಾನ್ ಗೆಲ್ಡರ್ ಮುದ್ರಣ ಮಾಡಿಕೊಡುತ್ತಿದ್ದ ಬ್ಲೂ ನೋಟ್ ಎಂಬ ಜಾಝ್ ರೆಕಾರ್ಡ್ ಕಂಪನಿ ವಾದಕರಿಗೆ ರಿಹರ್ಸಲ್‌ಗೂ ದುಡ್ಡು ಕೊಡುತ್ತಿತ್ತು. ಕಂಪ್ಯೂಟರಿನ ಮುಂದೆ ನಾವು ಇಂದು ತಿಂಗಳುಗಟ್ಟಲೆ ಸುರಿಯುವ ಖರ್ಚನ್ನು ಅವರು ಮೊದಲೇ, ಮನುಷ್ಯರ ಮೇಲೆ ಹಾಕಿದರು.

ಈಗ ನಮ್ಮಲ್ಲಿ ಒಂದು ಭಾವಗೀತೆ ಹೇಗೆ ಹುಟ್ಟುತ್ತದೆ? ಮೊದಲು ಕೀಬೋರ್ಡಿನವರು ಕ್ಲಿಕ್ ಹಾಕಿ ಟ್ರ್ಯಾಕ್ ಕೂರಿಸುತ್ತಾರೆ. ಇನ್ನೊಂದು ದಿನ ತಬಲಾ, ಮತ್ತೊಂದು ದಿನ ಕೊಳಲು. ಗಾಯಕಿ ಬೇರೆ ಊರಿನಲ್ಲಿದ್ದರೆ ಅಲ್ಲಿಂದಲೇ ಫೈಲು ಬರುತ್ತದೆ. ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ತಬಲಾದವರು ಸಾಹಿತ್ಯ ಏನೆಂದು ಕೇಳದೆಯೇ ನುಡಿಸಿ, ಚೆಕ್ ತೆಗೆದುಕೊಂಡು ಹೋಗಿರುತ್ತಾರೆ. ತಪ್ಪು ಅವರದಲ್ಲ; ಸಾಹಿತ್ಯವನ್ನು ಅವರ ಕೈಗೆ ಯಾರೂ ಕೊಟ್ಟಿಲ್ಲ.

ಕಛೇರಿ ಸಂಗೀತದಲ್ಲಿ ಈ ನಷ್ಟ ಇನ್ನೂ ಚೆನ್ನಾಗಿ ಕಾಣುತ್ತದೆ. ಮೃದಂಗದ ಸದ್ದು ಗಾಯಕರ ಮೈಕಿಗೆ ಲೀಕ್ ಆಗಬಾರದೆಂದು ಮೃದಂಗದವರನ್ನು ಗಾಜಿನ ಬೂತಿನೊಳಗೆ ಕೂರಿಸುತ್ತೇವೆ. ಗಾಯಕರು ಸಂಗತಿಯ ಕೊನೆಗೆ ಒಂದು ಚೂರು ಎಳೆದರೆ, ಎದುರಿಗೆ ಕೂತ ಮೃದಂಗದವರು ಅವರ ಉಸಿರು ನೋಡಿ ತಡೆದು, ಸರಿಯಾದ ಜಾಗದಲ್ಲಿ ಒಂದೇ ಒಂದು ಗುಂಕಿ ಇಡುತ್ತಾರೆ. ಬೂತಿನಲ್ಲಿ ಕೂತವರಿಗೆ ಆ ಉಸಿರು ಕಾಣದು. ಹೆಡ್‌ಫೋನ್ ಹಾಕಿಕೊಂಡು ತಾಳ ತಪ್ಪದಂತೆ ನುಡಿಸುತ್ತಾರೆ, ಅಷ್ಟೆ. ಹಾಗಾಗಿ ನಾನು ಈಗ ಇಬ್ಬರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ, ಮೈಕಿನ ದಿಕ್ಕು ತಿರುಗಿಸಿ, ಉಳಿದ ಲೀಕನ್ನು ಹಾಗೇ ಒಪ್ಪಿಕೊಳ್ಳುತ್ತೇನೆ. ಒಬ್ಬರು ತಪ್ಪಿದರೆ ಇಡೀ ಟೇಕ್ ಮತ್ತೆ ಆಗಬೇಕು. ಕಷ್ಟ ನಿಜ, ಆದರೆ ಎರಡನೇ ಟೇಕಿನಲ್ಲಿ ಕೃತಿಗೆ ಜೀವ ಬರುವುದನ್ನು ಎಷ್ಟೋ ಸಲ ಕೇಳಿದ್ದೇನೆ.

ವ್ಯಾನ್ ಗೆಲ್ಡರ್ ಅವರನ್ನು ಎಲ್ಲರೂ ಮೆಚ್ಚಲಿಲ್ಲ. ವಾದಕರ ನಾದವನ್ನೇ ಬದಲಿಸಿಬಿಡುತ್ತಾರೆ ಎಂದು ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ದೂರವೇ ಉಳಿದರು. ವ್ಯಾನ್ ಗೆಲ್ಡರ್ ಮುದ್ರಿಸಿದ ಪಿಯಾನೊ ಡಬ್ಬಿಯೊಳಗಿಂದ ಬಂದಂತಿದೆ ಎಂದು ದೂರುವವರು ಇಂದಿಗೂ ಇದ್ದಾರೆ. ಕೆಲವು ರೆಕಾರ್ಡುಗಳ ಮಟ್ಟಿಗೆ ನಾನೂ ಒಪ್ಪುತ್ತೇನೆ. ಆದರೆ ಹಳೆಯದೇ ಚಿನ್ನ ಎನ್ನುವವರ ಸಾಲಿಗೆ ಅವರನ್ನು ಸೇರಿಸಬೇಡಿ. ಡಿಜಿಟಲ್ ಬಂದಾಗ ಅದನ್ನು ಸ್ವಾಗತಿಸಿದವರು ಅವರು. 1999ರಿಂದ ಬ್ಲೂ ನೋಟಿನ ತಮ್ಮ ಹಳೆಯ ಮುದ್ರಣಗಳನ್ನು ತಾವೇ ಸಿ.ಡಿ.ಗೆ ಹೊಸದಾಗಿ ಸಿದ್ಧಪಡಿಸಿದರು. ಹಾಗಾಗಿ ನನ್ನ ಜಗಳ ಕಂಪ್ಯೂಟರಿನ ಜತೆ ಅಲ್ಲ, ತೀರ್ಮಾನವನ್ನು ನಾಳೆಗೆ ತಳ್ಳುವ ಚಾಳಿಯ ಜತೆ.

ನೂರು ವಾದ್ಯಗಳ ಸಿನಿಮಾ ಹಾಡನ್ನು ಬಿಡಿಬಿಡಿಯಾಗಿ ಮುದ್ರಿಸದೆ ಗತ್ಯಂತರವಿಲ್ಲ, ಒಪ್ಪಿದೆ. ಐದು ಜನರ ಭಾವಗೀತೆಗೆ ಆ ನೆಪ ಏಕೆ? ನಮ್ಮ ಬೆಂಗಳೂರಿನ ಕರ್ನಾಟಕ ತಾಳವಾದ್ಯ ಕಾಲೇಜಿನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಮತ್ತು ಸಂಗಡಿಗರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜತೆಗೂಡಿ 1983ರಲ್ಲಿ ಜರ್ಮನಿಯ ಇ.ಸಿ.ಎಂ. ಕಂಪನಿಗೆ ಮಾಡಿದ ‘ಜ್ಯೋತಿ’ ಕೇಳಿ. ರಮಾಮಣಿಯವರ ದನಿಗೂ ಸ್ಯಾಕ್ಸೊಫೋನಿಗೂ ನಡುವೆ ಇರುವ ಗಾಳಿ ಕೂಡ ಕಿವಿಗೆ ಬೀಳುತ್ತದೆ.

ಆಲ್ಬಂಗೆ ದುಡ್ಡು ಹಾಕುವವರಲ್ಲಿ, ಸಂಗೀತ ಸಂಯೋಜಕರಲ್ಲಿ ನನ್ನ ಕೋರಿಕೆ ಇಷ್ಟೇ. ಎಂಟು ಹಾಡಿನ ಆಲ್ಬಂ ಆದರೆ ಒಂದನ್ನಾದರೂ ಹೀಗೆ ಮಾಡೋಣ. ಒಂದು ದಿನ ರಿಹರ್ಸಲ್‌ಗೆ ಸಂಭಾವನೆ ಕೊಡಿ. ಸಾಹಿತ್ಯವನ್ನು ತಬಲಾದವರಿಗೂ ಓದಿ ಹೇಳಿ. ರೆಕಾರ್ಡಿಸ್ಟನ್ನೂ ಆ ರಿಹರ್ಸಲ್‌ಗೆ ಕರೆಯಿರಿ. ಮರುದಿನ ಎಲ್ಲರನ್ನೂ ಒಟ್ಟಿಗೆ ಕೂರಿಸಿ. ಮೈಕು ಹಾಕುವ ಕೆಲಸ ನನಗೆ ಬಿಡಿ.