ಕುದುರೆಯೇರಿ ಬರುವ ಪಾದ್ರಿಗಳು

ದಕ್ಷಿಣ ಆಫ್ರಿಕದಿಂದ ಸುತ್ತುವರಿದ ಲೆಸೊಥೊ ರಾಜ್ಯದಲ್ಲಿ, ಮೋಟಾರು ಏರಲಾರದ ಬಸೊಥೊ ಹಳ್ಳಿಗಳಿಗೆ ಪಾದ್ರಿಗಳು ಸಂಸಾರಸಮೇತರಾಗಿ ಇಂದಿಗೂ ಕುದುರೆಯೇರಿ ಹೋಗುವುದುಂಟು. ಅವರ ಶ್ರಮಸಹಿಷ್ಣುತೆಯು ಶ್ಲಾಘನೀಯವೇ ಸರಿ. ಆದರೆ ಆ ಗಿರಿಜನರು ಕತ್ತಲೆಯಲ್ಲಿ ಕುಳಿತು ಇವರ ದಾರಿಯನ್ನೇ ಕಾಯುತ್ತಿರುವರೆಂಬ ಭಾವನೆಯನ್ನು ನಾವು ಒಪ್ಪಲಾರೆವು. 1833ರಲ್ಲಿ ಫ್ರೆಂಚ್ ಪಾದ್ರಿಗಳು ಅಲ್ಲಿಗೆ ಬಂದುದು ಮೊಶ್ವೇಶ್ವೇ ದೊರೆಯು ಬೇಕೆಂದು ಹೇಳಿಕಳುಹಿಸಿದ್ದರಿಂದ. ಆತನು ಅವರಿಂದ ಶಾಲೆಯನ್ನು ಪಡೆದನು, ಪರರಾಜ್ಯಗಳೊಡನೆ ಪತ್ರವ್ಯವಹಾರಕ್ಕೆ ನೆರವನ್ನು ಪಡೆದನು. ದೀಕ್ಷಾಸ್ನಾನವನ್ನು ಮಾತ್ರ 1870ರಲ್ಲಿ ತೀರಿಕೊಳ್ಳುವವರೆಗೂ ಪಡೆಯಲಿಲ್ಲ! ಮೊರಿಜಾದ ಮಿಷನ್ ಮುದ್ರಣಾಲಯವು ಕಾಲಕ್ರಮದಲ್ಲಿ ಥಾಮಸ್ ಮೊಫೊಲೊನಂತಹ ದೇಶೀಯ ಕಾದಂಬರಿಕಾರನ ಕೈಗೆ ಒದಗಿತು. ಹೀಗೆ, ಬಂದವರ ಉದ್ದೇಶವೇನೇ ಇರಲಿ, ತಮಗೆ ಬೇಕಾದುದನ್ನು ಬಸೊಥೊಗಳೇ ಆರಿಸಿಕೊಂಡರು. ಪಾದ್ರಿಗಳನ್ನು ಹೊತ್ತು ಬೆಟ್ಟವೇರುವ ಗಟ್ಟಿಮುಟ್ಟಾದ ಕುದುರೆಯಾದರೂ ಬಸೊಥೊ ತಳಿಯದೇ. ಇಂದಿನ ಅತಿಥಿಗಳು ಧರ್ಮಗ್ರಂಥವನ್ನು ಬಿಚ್ಚುವ ಮುನ್ನ, ಊರಿಗೆ ಬೇಕಾದುದು ಏನೆಂದು ಊರ ಮುಖ್ಯಸ್ಥನನ್ನು ಕೇಳತಕ್ಕದ್ದು.