ದಾರಿ ತೋರಿದವನ ಕೂಲಿ

ನಮ್ಮ ಗುಡಗೇರಿಯ ಕಡೆ ಪರಸ್ಥಳದವರು ಯಾರಾದರೂ ದಾರಿ ಕೇಳಿದರೆ, ಮಾಡುವ ಕೆಲಸ ಬಿಟ್ಟು, ಕೂಡುರಸ್ತೆಯವರೆಗೆ ಜೊತೆಗೆ ನಡೆದು, ಕೈಮಾಡಿ ತೋರಿಸಿ ಬರುವುದು ವಾಡಿಕೆ. ಅದಕ್ಕೆ ಕೂಲಿ ಕೇಳಿದವರನ್ನು ನಾನು ಕಂಡಿಲ್ಲ. ಆದುದರಿಂದ, ಕುಮಟೆಯಿಂದ ಗೋಕರ್ಣದವರೆಗೆ ಕಡಲ ದಂಡೆಗುಂಟ ಎರಡು ದಿನ ನಡೆದು ಹೋಗೋಣ, ಅದಕ್ಕೊಬ್ಬ ಮಾರ್ಗದರ್ಶಕನನ್ನು ಗೊತ್ತುಮಾಡೋಣ ಎಂದು ನನ್ನ ಮಗಳು ಹೇಳಿದಾಗ ನನಗೆ ನಗು ಬಂದಿತು. ಎಡಕ್ಕೆ ನೀರು, ಬಲಕ್ಕೆ ನೆಲ. ಇದರಲ್ಲಿ ದಾರಿ ತಪ್ಪುವುದಾದರೂ ಎಲ್ಲಿ?

ಇಟಲಿಯ ಚಿಂಕ್ವೆ ತೆರ್ರೆ ಎಂಬ ಕರಾವಳಿಯಲ್ಲಿ, ಕಡಿದಾದ ಗುಡ್ಡಕ್ಕೆ ಅಂಟಿಕೊಂಡ ಐದು ಹಳ್ಳಿಗಳ ನಡುವೆ ಕಾಲುದಾರಿಗಳಿವೆಯಂತೆ. ಜಗತ್ತಿನ ಜನ ಅಲ್ಲಿಗೆ ನಡೆಯಲೆಂದೇ ಹೋಗುತ್ತಾರಂತೆ. ಅವುಗಳಲ್ಲಿ ಪ್ರಸಿದ್ಧವಾದ ಒಂದು ದಾರಿ 2012ರಲ್ಲಿ ಬಂಡೆ ಕುಸಿದು ಮುಚ್ಚಿಹೋಗಿ, 2024ರಲ್ಲಷ್ಟೇ ತೆರೆಯಿತು. ಇದನ್ನೆಲ್ಲ ಹೇಳಿ ಮಗಳು ನನ್ನನ್ನು ಒಪ್ಪಿಸಿದಳು. ನಾನೂ ಸುಮ್ಮನಿರಲಿಲ್ಲ. ಅಘನಾಶಿನಿ ಊರಿನ ಮೀನುಗಾರರ ಮನೆತನದ ತರುಣನೊಬ್ಬ ಹೇಳಿದ ಕೂಲಿಯಲ್ಲಿ ಚೌಕಾಸಿ ಮಾಡಿ ಇನ್ನೂರು ರೂಪಾಯಿ ಇಳಿಸಿದೆ. ಅವನು ನಕ್ಕು ಒಪ್ಪಿಕೊಂಡ.

ಮಾಗಿಯ ಹುಣ್ಣಿಮೆಯ ಮರುದಿನ ಕುಮಟೆಯಿಂದ ಹೊರಟೆವು. ವನ್ನಳ್ಳಿಯನ್ನು ದಾಟಿದ ಮೇಲೆ ಒಂದೆಡೆ ಬಂಡೆಯ ಮೂಲೆ ನೀರಿಗೆ ಚಾಚಿಕೊಂಡಿತ್ತು. ತರುಣ ನಿಂತುಬಿಟ್ಟ. "ಉಬ್ಬರ ಏರುತ್ತಿದೆ, ಎರಡು ತಾಸು ಕೂಡಬೇಕು" ಎಂದ. ಮುಂದಿನ ಉಸುಕಿನ ದಂಡೆ ಇಪ್ಪತ್ತೇ ಹೆಜ್ಜೆಯಾಚೆ ಕಾಣುತ್ತಿತ್ತು. ಕೂಲಿಯನ್ನು ಎಳೆಯುವ ಹಂಚಿಕೆಯಿದು ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡು, ಕೋಲೂರಿ ಮುಂದಕ್ಕೆ ಇಳಿದೆ. ನಾಲ್ಕನೆಯ ಹೆಜ್ಜೆಗೆ ಅಲೆಯೊಂದು ಬಂದು ನಡುವಿನವರೆಗೆ ನನ್ನನ್ನು ಹಿಡಿಯಿತು. ಮರಳುವಾಗ ಕಾಲ ಕೆಳಗಿನ ನೆಲವನ್ನೇ ಎಳೆದುಕೊಂಡು ಹೋಯಿತು. ಕೋಲು ಹೋಯಿತು. ನಾನು ಹೋಗಲಿಲ್ಲ, ಏಕೆಂದರೆ ನನ್ನ ಮುಂಗೈ ಒಂದು ಗಟ್ಟಿಯಾದ ಕೈಯಲ್ಲಿತ್ತು. ದಂಡೆಗೆ ಬಂದಾಗ ನನ್ನ ಹೆಂಡತಿಯ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ಆ ಕೈಯ ಕೂಲಿಯಲ್ಲಿಯೇ ನಾನು ಇನ್ನೂರು ರೂಪಾಯಿ ಮುರಿದುಕೊಂಡಿದ್ದೆ.

ಅವನು ಬಯ್ಯಲಿಲ್ಲ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ನೀರು ಹೆಚ್ಚು ಏರುತ್ತದೆ, ಆದುದರಿಂದ ತಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ತಿಥಿ ದೊಡ್ಡದು ಎಂದು ತಿಳಿಸಿ ಹೇಳಿದ. ಬಳಿಕ ನಮ್ಮ ಊರನ್ನು ಕೇಳಿದ. ಕುಂದಗೋಳ ತಾಲೂಕು, ಎರೆ ಸೀಮೆ, ಹತ್ತಿ ಮೆಣಸಿನಕಾಯಿ ಬೆಳೆಯುವ ನಾಡು ಎಂದೆ. "ಹಾಗಾದರೆ ನಿಮ್ಮ ಹತ್ತಿ ನಮ್ಮ ಕುಮಟೆಗೆ ಬರುತ್ತಿತ್ತು" ಎಂದ.

ನನಗೆ ನಾಚಿಕೆಯಾಯಿತು. ನನ್ನ ಅಜ್ಜನ ಬಾಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರನ್ನು ಎಳೆತನದಿಂದ ಕೇಳಿದ್ದೆ; ಬಯಲುಸೀಮೆಯ ಬೆಳೆಗೆ ಬಂದರಿನ ಹೆಸರು ಏಕೆ ಬಂದಿತೆಂದು ಒಮ್ಮೆಯೂ ಕೇಳಿರಲಿಲ್ಲ. ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟವಿಳಿದು, ಕುಮಟೆಯಲ್ಲಿ ಹಡಗೇರಿ ಮುಂಬಯಿಗೆ, ಅಲ್ಲಿಂದ ಲಿವರ್‌ಪೂಲಿಗೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಈ ಹತ್ತಿಗೆ ಬಂಗಾರದ ಬೆಲೆ ಬಂದಿತು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ವ್ಯಾಪಾರವಿತ್ತು. 1880ರ ದಶಕದಲ್ಲಿ ನಮ್ಮ ಸೀಮೆಗೆ ರೈಲು ಬಂದು, ಮಾಲು ಮುರಗಾಂವದ ಬಂದರಿಗೆ ತಿರುಗಿತು, ಕುಮಟೆ ಸೊರಗಿತು. ನಮ್ಮೂರಿಗೆ ಸುಖ ತಂದ ರೈಲು ಇನ್ನೊಂದು ಊರಿನ ಅನ್ನವನ್ನು ಕಸಿದಿತ್ತೆಂಬುದು, ಆ ಬಂಡೆಯ ಮೇಲೆ ಒದ್ದೆ ಧೋತರದಲ್ಲಿ ಕುಳಿತಾಗ ನನಗೆ ತಿಳಿಯಿತು.

ಕಡ್ಲೆ, ಬಾಡಗಳನ್ನು ದಾಟಿ ಸಂಜೆ ಅಘನಾಶಿನಿಯನ್ನು ಸೇರಿದೆವು. ಅಣೆಕಟ್ಟನ್ನು ಕಾಣದ ಆ ಹೊಳೆ ಅಲ್ಲಿ ಕಡಲನ್ನು ಕೂಡುತ್ತದೆ. ಇಳಿತದ ಹೊತ್ತು, ಹೆಣ್ಣುಗಂಡೆನ್ನದೆ ಜನ ಮೊಣಕಾಲುದ್ದದ ನೀರಿನಲ್ಲಿ ಬಳಚು ಆರಿಸುತ್ತಿದ್ದರು. ಹೊಳೆಯೊಳಗಿನ ನಡುಗಡ್ಡೆಗಳಿಗೆ ಇಲ್ಲಿ ಕುರ್ವೆ ಎನ್ನುತ್ತಾರೆ. ದಡದ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಮರುದಿನ ದೋಣಿಯಲ್ಲಿ ತದಡಿಗೆ ದಾಟಿ, ಬೇಲೆಕಾನ, ಓಂ, ಕುಡ್ಲೆಗಳ ದಂಡೆಗಳನ್ನು ಹಾಯ್ದು ಗೋಕರ್ಣ ಸೇರಿದೆವು. ಆ ದಾರಿಯ ಚೆಲುವನ್ನು ನಾನು ಬಣ್ಣಿಸುವುದಿಲ್ಲ. ವಾಚಕರು ಮಳೆಗಾಲವನ್ನು ಬಿಟ್ಟು, ತಿಥಿ ಬಲ್ಲವರೊಬ್ಬರನ್ನು ಮುಂದಿಟ್ಟುಕೊಂಡು ತಾವೇ ಹೋಗಿ ನೋಡಬೇಕು.

ಗೋಕರ್ಣದಲ್ಲಿ ಅವನಿಗೆ ಮೊದಲು ಹೇಳಿದ್ದ ಕೂಲಿಯನ್ನೇ ಪೂರ್ತಿ ಕೊಟ್ಟೆ. ಎಣಿಸಿ ನೋಡಿ, ಏನೂ ಅನ್ನದೆ ಕಿಸೆಗಿಟ್ಟುಕೊಂಡ. ಸಂಕೋಚ ಕಳೆಯಲೆಂದು ನಾನೇ ಮಾತು ತೆಗೆದೆ: ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಅವನ ಅಘನಾಶಿನಿಯ ಅಳಿವೆ ಸೇರಿದ ಸುದ್ದಿ 2024ರ ಜನವರಿಯಲ್ಲಿ ಬಂದಾಗ, ಜೊತೆಗೇ ನಮ್ಮ ಲಕ್ಷ್ಮೇಶ್ವರದ ಬಳಿಯ ಮಾಗಡಿ ಕೆರೆಯೂ ಸೇರಿತ್ತು, ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿ ಇಳಿಯುತ್ತವೆ. "ಮುಂದಿನ ಮಾಗಿಗೆ ಬಾ, ನಾನು ದಾರಿ ತೋರಿಸುತ್ತೇನೆ" ಎಂದೆ.

"ಕೂಲಿ ಎಷ್ಟಾಗುತ್ತದೆ?" ಎಂದು ಕೇಳಿದ, ಮುಖ ಗಂಭೀರ ಮಾಡಿಕೊಂಡು.

"ಚೌಕಾಸಿ ನಡೆಯದು" ಎಂದೆ.